ಮಂಜಿಗೆ ಆರು ಲೀಟರು

ಗಾಳಿಬೀಡಿನ ಕಾಫಿ ಕಣದಲ್ಲಿ
ಮೊದಲ ಸಲ ನೂರಾ ಹತ್ತು ಜನ.
ಲೆಕ್ಕ ಗೊತ್ತು, ಕುರ್ಚಿ ಇಳಿಸಿದವನು ನಾನೇ.
ಜನರೇಟರ್ ನನ್ನದು, ಕುರ್ಚಿ ಭಾವನದು,
ಸುಂಟಿಕೊಪ್ಪದಿಂದ ಒಂದೇ ಪಿಕಪ್ಪಿನಲ್ಲಿ ಬಂದವು ಎರಡೂ.

ಅಕ್ಟೋಬರ್. ಮಳೆ ಮುಗಿದೂ ಮುಗಿಯದ ತಿಂಗಳು.
ಮಂದಣ್ಣನವರ ದುಡಿ, ಯಾರದೋ ಗಿಟಾರು,
ವಿರಾಜಪೇಟೆ ಆಸ್ಪತ್ರೆಯ ನರ್ಸು ಜೆಸಿಂತಾ
ರಾತ್ರಿ ಪಾಳಿ ಬದಲಿಸಿಕೊಂಡು ಬಂದು ಹಾಡುತ್ತಿದ್ದಳು.
ಎರಡನೇ ಹಾಡಿಗೆ ಕಣಿವೆಯಿಂದ ಮಂಜು ಎದ್ದು
ಕಣದ ಅಂಚು ಹತ್ತಿ, ಟಿಕೆಟ್ಟಿಲ್ಲದೆ,
ವೇದಿಕೆಗೆ ಬಂತು.
ಮೊದಲು ಅವಳ ಕಾಲು ಹೋಯಿತು, ಆಮೇಲೆ ಸೊಂಟ.
ಉಳಿದದ್ದು ಮುಖ, ಒಂದು ಕೈ,
ಹಿಂದಿನಿಂದ ನನ್ನ ಹಳದಿ ಬಲ್ಬು.

ಮೈಸೂರಿನ ಹುಡುಗನೊಬ್ಬ ಅದನ್ನು ಹಿಡಿದ:
ಹದಿನೇಳು ಸೆಕೆಂಡು.

ಹದಿನೈದು ದಿನದಲ್ಲಿ ಅದು ನನ್ನ ಮಗಳ ಫೋನಿನಲ್ಲಿತ್ತು,
ಡೀಸೆಲ್ ಬಂಕಿನವನ ಫೋನಿನಲ್ಲಿತ್ತು.
ಸೌದಿಯಿಂದ ಅಳಿಯ ನನಗೇ ಕಳಿಸಿ ಕೇಳಿದ:
'ಇದೆಲ್ಲಿ ಮಾಮಾ, ಊಟಿಯಾ?'
ಎಂಟು ಲಕ್ಷ ಜನ ನೋಡಿದರಂತೆ.
ಒಬ್ಬರೂ ಕೇಳಿಲ್ಲ.
ಹುಡುಗ ಅವಳ ದನಿ ಒರೆಸಿ
ಆ ವಾರ ಎಲ್ಲರೂ ಅಂಟಿಸುತ್ತಿದ್ದ
ಬೇರೆ ಯಾವುದೋ ಹಾಡು ಅಂಟಿಸಿದ್ದ.
ತುಟಿ ಒಂದು ಹೇಳುತ್ತದೆ,
ಕಿವಿಗೆ ಇನ್ನೊಂದು ಬೀಳುತ್ತದೆ.

ಮಂದಣ್ಣನವರು ಇನ್ನೊಬ್ಬರ ಕನ್ನಡಕ ಹಾಕಿಕೊಂಡು ನೋಡಿದರು.
'ಎಡಗಡೆ ಕಾಣುವ ಮೊಣಕೈ ನನ್ನದು' ಅಂದರು.

ಮುಂದಿನ ಅಕ್ಟೋಬರಿನ ತನಕ ಕಾಯುವಂತಿಲ್ಲ,
ಅಷ್ಟರಲ್ಲಿ ಜನ ಮರೆಯುತ್ತಾರೆ ಅಂದರು ನಡೆಸುವವರು.
ಜನವರಿ ಇಪ್ಪತ್ತಾರು ಶುಕ್ರವಾರ ಬಿದ್ದಿತ್ತು, ಮೂರು ದಿನ ರಜೆ.
ಒಣಗಲು ಹರವಿದ್ದ ಕಾಫಿಯನ್ನು
ಟಾರ್ಪಾಲಿನ ಸಮೇತ ಮೂಲೆಗೆ ಎಳೆದೆವು.
ನಾಲ್ಕು ಸಾವಿರ ಜನ.
ವೇದಿಕೆಗಿಂತ ಹೆಚ್ಚು ಕರೆಂಟು
ಫೋನ್ ಚಾರ್ಜಿನ ಮೇಜಿಗೆ ಹೋಯಿತು.

ಜೆಸಿಂತಾ ಮೆಟ್ಟಿಲು ಹತ್ತಿದ್ದೇ ತಡ, ಕೈಗಳೆಲ್ಲ ಎದ್ದವು.
ಆಕಾಶವೋ, ತೊಳೆದು ಬೋರಲು ಹಾಕಿದ ಪಾತ್ರೆ.
ಒಣ ಚಳಿ. ಒಂದು ನಕ್ಷತ್ರವೂ ಮಸುಕಿಲ್ಲ.
ಅವಳು ಹಾಡಿದಳು. ಫೋನುಗಳು ಕಾದವು.
'ಮಂಜು ಯಾವಾಗ ಬರುತ್ತೆ?'
ಒಬ್ಬಳು ನನ್ನನ್ನೇ ಕೇಳಿದಳು,
ಸ್ವಿಚ್ಚು ನನ್ನ ಹತ್ತಿರ ಇರಬಹುದೆಂದು.

ಅರ್ಧ ಗಂಟೆಯಲ್ಲಿ ಸ್ವಿಚ್ಚು ನನ್ನ ಹತ್ತಿರ ಬಂತು.
ಮಡಿಕೇರಿಯ ಮದುವೆ ಮಂಟಪದ ಹೊಗೆ ಯಂತ್ರ,
ಗಂಡು ಹೆಣ್ಣು ಕೈ ಹಿಡಿದು ಬರುವಾಗ ಬಿಡುವಂಥದ್ದು.
ಗುಲಾಬಿ ವಾಸನೆ.
ಜನ ಹೋ ಅಂದರು.
ಜೆಸಿಂತಾ ಕೆಮ್ಮಿದಳು, ಹಾಡಿನ ನಡುವೆ, ಮೈಕಿನಲ್ಲಿ.
ಇರಲಿ, ಅದನ್ನೂ ಒರೆಸುತ್ತಾರೆ.

ಬಿಲ್ಲಿನಲ್ಲಿ ಬರೆದೆ:
ವೇದಿಕೆಗೆ ಐವತ್ತೆರಡು ಲೀಟರು, ಚಾರ್ಜಿಗೆ ಎಂಬತ್ತು,
ಮಂಜಿಗೆ ಆರು.

ನಸುಕಿಗೆ ವಯರು ಸುತ್ತುತ್ತಿದ್ದೆ.
ಡ್ಯೂಟಿಗೆ ಹೊರಟವಳು ಬೆಲ್ಲದ ಕಾಫಿ ಹಿಡಿದು
ರಸ್ತೆ ಬದಿಯಲ್ಲಿ ಬಸ್ಸಿಗೆ ನಿಂತಿದ್ದಳು.
'ಮೊಯ್ದು ಇಕ್ಕಾ, ಅವತ್ತು ಮಂಜಿನಲ್ಲಿ
ನಾನು ಹಾಡಿದ್ದು ಯಾವುದು, ನೆನಪಿದೆಯಾ?
ನನಗೇ ಈಗ ಆ ಇನ್ನೊಂದು ಹಾಡು ಬಾಯಿಗೆ ಬರುತ್ತೆ.'

ನನಗೆ ನೆನಪಿರಲಿಲ್ಲ.
ಎಂಜಿನ್ನಿನ ಪಕ್ಕ ಕೂತವನಿಗೆ ಎಂಜಿನ್ನೇ ಹಾಡು.

ಮಂದಣ್ಣನವರು ಮಾತಾಡಲಿಲ್ಲ.
ಪಿಕಪ್ಪಿನ ಬಾಗಿಲ ಮೇಲೆ ಬೆರಳು ಆಡಿಸಿದರು,
ನಾಲ್ಕು ಪೆಟ್ಟು, ಒಂದು ಬಿಡುವು, ಮತ್ತೆ ಮೂರು.
'ಹಾಂ, ಅದೇ' ಅಂದಳು, ಬಾಯಿ ತೆರೆದಳು,
ಅಷ್ಟರಲ್ಲಿ ತಿರುವಿನಲ್ಲಿ ಬಸ್ಸಿನ ದೀಪ ಬಿತ್ತು.