ಬಿರ್ಮಾದ ಲೆಕ್ಕ

ನಮ್ಮೂರು ಬಿರ್ಮಾ. ತಂತಾ ಪಟ್ಟಣದಿಂದ ಅರ್ಧ ಗಂಟೆ,
ಮೈಕ್ರೋಬಸ್ಸಿನವನು ಚಿಲ್ಲರೆಗೆ ಜಗಳ ತೆಗೆಯದಿದ್ದರೆ.
ಬಗೆಹರಿಯದ ಲೆಕ್ಕ ಯಾವುದಿದ್ದರೂ ಈಜಿಪ್ಟಿನವರು
ನಮ್ಮೂರ ಹೆಸರು ಹಿಡಿದೇ ಬೈಯುವುದು.
ಬುಟ್ಟಿ ಹೊತ್ತವಳಿಗೆ ಯಾರೋ ಡಿಕ್ಕಿ ಹೊಡೆದನಂತೆ,
ಮೊಟ್ಟೆಯೆಲ್ಲ ನೆಲದ ಪಾಲು. ಎಷ್ಟಿದ್ದವೇ ಅಂದರೆ
ಎರಡೆರಡಾಗಿ ಎಣಿಸಿದರೆ ಒಂದು ಉಳಿಯುತ್ತಿತ್ತು,
ಮೂರು, ನಾಲ್ಕು, ಐದು, ಆರಾಗಿ ಎಣಿಸಿದರೂ ಒಂದು;
ಏಳೇಳಾಗಿ ಎಣಿಸಿದರೆ ಮಾತ್ರ ಏನೂ ಉಳಿಯದು, ಅಂದಳಂತೆ.
ಮುನ್ನೂರ ಒಂದು.
ಉಳಿಯುವ ಆ ಒಂದರ ಮೇಲೆ ನನ್ನ ಸಂಬಳ.

ಅಜ್ಜ ಬಸ್ಯೂನಿ ಮಣ್ಣಿನ ಕಾವುಮನೆಯಲ್ಲಿ ದುಡಿದವನು.
ಮೊಟ್ಟೆಯೆತ್ತಿ ಮುಚ್ಚಿದ ರೆಪ್ಪೆಗೆ ಒತ್ತಿಕೊಂಡು
ಇದು ಇದೆ, ಇದು ಇಲ್ಲ, ಎನ್ನುತ್ತಿದ್ದ.
ಸತ್ತಾಗಲೂ ಅವನ ರೆಪ್ಪೆ ಮೇಣದಷ್ಟು ನುಣುಪು.

ನನಗೆ ದೀಪವಿದೆ. ಹತ್ತು ದಿನದ ಮೊಟ್ಟೆ ಎದುರು ಹಿಡಿದರೆ
ಕೆಂಪು ನರಗಳ ನಡುವೆ ಮಿಸುಕುವ ಒಂದು ಕಪ್ಪು ಕಣ್ಣು.
ಪೆನ್ಸಿಲ್ ಗುರುತು. ಸೂಜಿಯ ತೂತು. ಒಂದು ಹನಿ ರೋಗ.
ಮೇಲೆ ಕರಗಿದ ಮೇಣ.
ಎರಡು ದಿನ ಕಾವು, ಒಂದು ರಾತ್ರಿ ಫ್ರಿಜ್ಜು,
ಹೀರಿದ ನೀರು ಮುಂದಿನ ಮೊಟ್ಟೆಗೆ.
ನಿನ್ನೆಗೆ ತೊಂಬತ್ತು.

ಮೊದಲ ಹನಿ ಬಂದದ್ದು ದಮಿಯತ್ತಾದ ಒಂದು ಶೆಡ್ಡಿನಿಂದ.
ರಾತ್ರಿ ದೀಪ ಆರಿಸಿ ನಿಂತರೆ ಸಾವಿರ ಗಂಟಲು ಗೊರಗುಟ್ಟುತ್ತಿದ್ದವು.
ಕೊಯ್ದು ನೋಡಿದರೆ ಮೂತ್ರಪಿಂಡ ಊದಿ, ಸುಣ್ಣ ಬಳಿದ ಹಾಗೆ.
ಇಪ್ಪತ್ತೇಳು ಸಾವಿರ ಅಕ್ಷರದ ಓಲೆ ಅದು.
ನಕಲು ಮಾಡುವ ಗುಮಾಸ್ತ ತಿದ್ದುವುದೂ ಉಂಟು,
ಆದರೂ ಅವಸರ: ಇಲ್ಲೊಂದು ಕೊಂಬು ಬಿಟ್ಟ,
ಅಲ್ಲೊಂದು ದೀರ್ಘ ಎಳೆದ.
ತಪ್ಪಿದ ಓಲೆಗಳಲ್ಲಿ ಹೆಚ್ಚಿನವು ಯಾವ ಬಾಗಿಲನ್ನೂ ತಲುಪವು.
ಒಂದು ತಲುಪಿತು,
ಗಂಟಲಿನ ವಿಳಾಸ ದಾಟಿ, ಇನ್ನೂ ಒಳಗೆ.

ನನ್ನ ಕೆಲಸ ಅದಕ್ಕೆ ಮರೆವು ತರಿಸುವುದು.
ಮೊಟ್ಟೆಯನ್ನು ಕಲಿಯುತ್ತ ಕಲಿಯುತ್ತ
ಕೋಳಿಯನ್ನು ಮರೆಯುತ್ತದೆ;
ಕೊಲ್ಲುವುದು ಮರೆತ ದಿನ ಅದರ ಹೆಸರು ಲಸಿಕೆ.
ಮರೆವಿನ ಶುಲ್ಕ ಕಟ್ಟುವವು ಈ ಮರಿಗಳು,
ಗೇಣಿಗೆ ಗೇಣು ಬೆಳೆಯದೆ, ಮುಷ್ಟಿಯಂತೆ ಮುದುಡಿ,
ಕೊಕ್ಕು ಕಾಲಿಗೆ ತಾಗಿಸಿಕೊಂಡು.

ಶುಕ್ರವಾರ ಇನ್ಸಾಫ್ ಅತ್ತೆಯ ತಾರಸಿ ಹತ್ತಿದೆ.
ಅವಳ ಏಳು ಹೇಂಟೆ, ಕೆಂಪು ಜುಟ್ಟು, ತುಂಬಿದ ಮೈ,
ಬೆಳಿಗ್ಗೆ ಗೂಡಿಗೆ ಹೋಗುತ್ತವೆ, ಕೂರುತ್ತವೆ,
ಎದ್ದು ಊರಿಗೆಲ್ಲ ಸಾರುತ್ತವೆ. ಹುಲ್ಲು ಮಾತ್ರ ಬರಿದು.
ಮರಿಯಿದ್ದಾಗ ಬಂದುಹೋದ ಶೀತ
ಒಳದಾರಿಯನ್ನೇ ಮುಚ್ಚಿ ಹೋಗಿತ್ತು.
"ನಿಮ್ಮ ಸೀಸೆಯ ಹನಿಯನ್ನೇ ಅಲ್ಲವೇನೇ ನಾನು ಹಾಕಿಸಿದ್ದು?"

ಉತ್ತರ ನನ್ನ ಚೀಲದಲ್ಲಿತ್ತು, ಮಡಚಿದ ಕಾಗದದಲ್ಲಿ.
ಒಂದೇ ಗಂಟಲಲ್ಲಿ ಎರಡು ಓಲೆ ಸೇರಿವೆ;
ಗುಮಾಸ್ತ ಒಂದನ್ನು ಶುರುಮಾಡಿ ಇನ್ನೊಂದರಲ್ಲಿ ಮುಗಿಸಿದ್ದಾನೆ.
ತಲೆ ಬಯಲಿನದು. ಬಾಲ ನಮ್ಮ ಸೀಸೆಯದು.
ಬಾಲದ ಕಾಗುಣಿತ ನನಗೆ ಬಾಯಿಪಾಠ.

"ಬಿರ್ಮಾದ ಲೆಕ್ಕ, ಅತ್ತೆ," ಅಂದೆ.
"ಹಾಗಾದರೆ ಏಳೇಳಾಗಿ ಎಣಿಸು," ಅಂದು
ಚಾಕು ಮಸೆಯಲು ಕೂತಳು.

ಇವತ್ತು ಲ್ಯಾಬಿನಲ್ಲಿ ಯಾರೂ ಇಲ್ಲದಾಗ
ದೀಪ ಆರಿಸಿ, ಕನ್ನಡಕ ತೆಗೆದು,
ಮೊಟ್ಟೆಯನ್ನು ರೆಪ್ಪೆಗೆ ಒತ್ತಿಕೊಂಡೆ.
ಬಿಸಿ. ಇದೆ.
ಆಮೇಲೆ ಪೆನ್ಸಿಲ್ ತಗೊಂಡು ಬರೆದೆ: ತೊಂಬತ್ತೊಂದು.
ಏಳರಿಂದ ಭಾಗಿಸಿ ನೋಡಲಿಲ್ಲ.