ಹತ್ತನೆಯ ಸಾಲು

ಬ್ರೆಡ್ಡಿನಂಗಡಿಯ ಗೋಡೆಗೆ ಕರಿಹಲಗೆ.
ಹತ್ತು ಸಾಲು, ಹತ್ತು ತಂಡ.
ಸೋಮವಾರ ಸೋಮವಾರ ಗೆನೊವೈತೆ
ಒದ್ದೆ ಬಟ್ಟೆಯಲ್ಲಿ ಒರೆಸಿ, ಸೀಮೆಸುಣ್ಣ ಹಿಡಿದು
ಬರೆಯುವುದು ಒಂಬತ್ತನ್ನು ಮಾತ್ರ.
ಹತ್ತನೆಯದನ್ನು ಆಗಸ್ಟಿನಲ್ಲೇ ಬರೆದಿಟ್ಟಿದ್ದಳು
ಬಾಗಿಲಿಗೆ ಹೊಡೆದು ಉಳಿದ ಹಸಿರು ಎಣ್ಣೆಬಣ್ಣದಲ್ಲಿ:
ಗಂದ್ರಾಸ್.
ನಮ್ಮೂರ ತಂಡ. ಕೊಕ್ಕರೆ ಅಂತ ಅರ್ಥ.
‘ಮೂರು ವರ್ಷದಿಂದ ಅದೇ ಜಾಗ,
ಯಾಕೆ ಸುಮ್ಮನೆ ಸುಣ್ಣ ದಂಡ?’

ನಾನು ಅವರ ಬಸ್ಸು ಓಡಿಸುವವನು.
ಸೋಲಿಗೊಂದು ವಾಸನೆಯಿದೆ, ನನ್ನನ್ನು ಕೇಳಿ:
ನೋವಿನ ಮುಲಾಮು, ಆರಿದ ಆಲೂಗಡ್ಡೆ, ಒದ್ದೆ ಉಣ್ಣೆ.
ಹಿಂದಿನ ಸೀಟಿನಲ್ಲಿ ಒಂದು ಚೀಲ ಕಿತ್ತಳೆ
ಹೋದ ಹಾಗೇ ವಾಪಸ್ಸು ಬರುತ್ತಿತ್ತು.
ನೂರೆಂಬತ್ತು ಕಿಲೋಮೀಟರು
ಕೆಮ್ಮುವುದಕ್ಕೂ ಯಾರಿಗೂ ಮನಸ್ಸಿರಲಿಲ್ಲ.

ಈ ವರ್ಷವೂ ನಿಜವಾದ ಕೊಕ್ಕರೆಗಳು
ಬೇಸಿಗೆ ಮುಗಿಯುವ ಮೊದಲೇ ಆಫ್ರಿಕದ ಕಡೆ ಹಾರಿದವು.
ಆಟದ ಮನೆಯ ಎದುರು ಕಂಬದ ಮೇಲೆ ಗೂಡು ಬರಿದಾಯಿತು.
ಅವುಗಳ ಹಿಂದೆಯೇ ನಮ್ಮ ಇಬ್ಬರು ಉದ್ದನೆಯವರು
ದುಡ್ಡಿರುವ ಊರಿಗೆ.
ಉಳಿದವನು ರಿಮ್ವಿದಾಸ್, ಮೂವತ್ತೆಂಟು ವಯಸ್ಸು,
ಮೊಣಕಾಲೊಳಗೆ ಎರಡು ಮೊಳೆ.
ಮಿಸ್ಸಿಸಿಪ್ಪಿಯಿಂದ ಬಂದವನು ಲವೆಲ್,
ಒಂದೇ ಸೂಟ್‌ಕೇಸು, ದೋಣಿಯಂಥ ಬೂಟು;
ಬೀಟ್‌ರೂಟಿನ ತಣ್ಣನೆ ಸೂಪು ನೋಡಿ
ಇದನ್ನು ಕುಡಿಯುವುದೋ, ಗೋಡೆಗೆ ಬಳಿಯುವುದೋ ಅಂದವನು,
ಈಗ ಎರಡು ಬಟ್ಟಲು ಕೇಳುತ್ತಾನೆ.
ಕೋಚು ಗಿಂತೌತಾಸ್ ಸೂರ್ಯಕಾಂತಿ ಬೀಜ ಉಗಿಯುತ್ತ ಹೇಳಿದ್ದು ಒಂದೇ ಮಾತು:
‘ಎತ್ತರ ಇಲ್ಲ. ಓಡಿ.’

ಓಡಿದರು.
ಮೊದಲ ಗೆಲುವನ್ನು ಕುರುಡು ಅದೃಷ್ಟ ಅಂದೆವು.
ಎರಡನೆಯ ವಾರ ಎದುರಾಳಿಗಳಿಗೆ ಜ್ವರವಂತೆ.
ಮೂರನೆಯದಕ್ಕೆ ಕಾರಣ ಹುಡುಕಿ ಹುಡುಕಿ
ಊರೇ ಸುಸ್ತಾಗಿ ಬಿಯರು ಕುಡಿಯಿತು.
ನಡುವೆ ಒಂದು ಸೋತೆವು. ಹಳೆಯ ಗೆಳೆಯ ಸಿಕ್ಕ ಹಾಗಾಯಿತು.

ಆಮೇಲೆ ವಿಲ್ನಿಯಸ್ಸಿನ ದೊಡ್ಡ ಕ್ಲಬ್ಬು.
ಕೊನೆಯ ನಾಲ್ಕು ಸೆಕೆಂಡು, ಒಂದೇ ಅಂಕದ ಅಂತರ,
ಅವರ ದೈತ್ಯ ಗೂಳಿಯ ಹಾಗೆ ನುಗ್ಗಿ ಬಂದ.
ಹಾರಲಾರದ ರಿಮ್ವಿದಾಸ್ ಹಾರಲಿಲ್ಲ.
ನಿಂತ. ಬರೀ ನಿಂತ.
ಎದೆಗೆ ಎದೆ ತಾಗಿ ಮರ ಉರುಳಿದಂತೆ ಬಿದ್ದ.
ಸೀಟಿ.
ರೆಫರಿಯ ಕೈ ನಮ್ಮ ಕಡೆ ತಿರುಗಿತು.

ಆ ರಾತ್ರಿಯೂ ಬಸ್ಸಿನಲ್ಲಿ ಮಾತಿಲ್ಲ.
ಕನ್ನಡಿಯಲ್ಲಿ ನೋಡಿದೆ: ಎಲ್ಲ ಮಲಗಿದ್ದಾರೆ,
ಲವೆಲ್‌ನ ಕಾಲು ನಡುದಾರಿಯಲ್ಲಿ.
ನೆಮುನಾಸ್ ಸೇತುವೆ ದಾಟುವಾಗ ಎಲ್ಲಿಂದಲೋ
ಸುಲಿದ ಕಿತ್ತಳೆಯ ಘಮ.

ಈಗ ಏಳರಲ್ಲಿ ಆರು.
ಕೂಸು ಹುಟ್ಟುವ ಮುನ್ನ ಕುಲಾವಿ ಅನ್ನುತ್ತಾರಲ್ಲ,
ನಮ್ಮೂರಲ್ಲಿ ಅಕ್ಷರಶಃ ಹೆಣೆಯುತ್ತಿದ್ದಾರೆ,
ಹಸಿರು ಟೋಪಿ, ತುದಿಗೆ ಬಿಳಿ ಗೊಂಡೆ.
ಔಷಧದಂಗಡಿಯವನು ರಸೀದಿಯ ಬೆನ್ನ ಮೇಲೆ
ಏಪ್ರಿಲ್‌ವರೆಗಿನ ಲೆಕ್ಕ ಹಾಕುತ್ತಾನೆ.
ಆಟಗಾರರಿಗೆ ಮಾತ್ರ ಸೆಪ್ಟೆಂಬರಿನ ಸಂಬಳ ಇನ್ನೂ ಬಂದಿಲ್ಲ.

ಈ ಸೋಮವಾರ ಹಲಗೆಯಲ್ಲಿ ಹನ್ನೊಂದು ಹೆಸರು.
ತಲೆಗೆ ಸುಣ್ಣದ ಗಂದ್ರಾಸ್, ಬುಡದಲ್ಲಿ ಬಣ್ಣದ್ದು,
ಪಾಪ, ನಿಜವಾಗಿ ಹತ್ತನೆಯವರು ಚೌಕಟ್ಟಿನ ಮೇಲೆ.
ಗೆನೊವೈತೆ ಬ್ರೆಡ್ಡಿನ ಚಾಕುವಿನಿಂದ ಕೆರೆಯುತ್ತಿದ್ದಳು.
ಒಂದಕ್ಷರದ ಬಾಲ ಹೋಗಿತ್ತು, ಅಷ್ಟೆ.
ರೈ ಬ್ರೆಡ್ಡಿಗೆ ಬಂದ ರಿಮ್ವಿದಾಸ್ ಕಣ್ಣು ಕಿರಿದು ಮಾಡಿ ನೋಡಿದ.
‘ಬಿಡು ಗೆನೊವೈತೆ, ಜನವರಿಗೆ ಬೇಕಾದೀತು.’
ನಕ್ಕಳೋ ಇಲ್ಲವೋ, ತೂಕಕ್ಕೊಂದು ಬನ್ನು ಹೆಚ್ಚು ಹಾಕಿದಳು.

ಅವನು ಕುಂಟುತ್ತ ಹೋದ ಮೇಲೂ
ಚಾಕು ಹಿಡಿದು ನಿಂತೇ ಇದ್ದಳು.
ಮೇಲಿನ ಹೆಸರು ತೋಳು ತಾಗಿದರೆ ಅಳಿಸುವಂಥದ್ದು.
ಕೆಳಗಿನದು ಉಕ್ಕಿಗೂ ಜಗ್ಗದು.

ಬುಧವಾರ ಎಂಟನೆಯ ಪಂದ್ಯ, ದೂರದ ಊರು,
ದಾರಿ ತುಂಬ ಮಂಜಂತೆ.
ನಾನು ಎರಡು ಚೀಲ ಕಿತ್ತಳೆ ಕೊಂಡೆ.