ತೆಲಾವಿಯಲ್ಲಿ ಸ್ಥಿರವಾರ

ಡಾಕ್ಟರು ಫೋನಿನಲ್ಲಿ ಹೇಳಿದ್ದು ಒಂದೇ ಪದ:
ಸ್ಟಬಿಲುರಿಯಾ.
ಸ್ಥಿರವಾಗಿದ್ದಾರೆ.
ಆಮೇಲೆ ಲೈನು ಕಡಿಯಿತು.

ತ್ಸಿಯಾಲಾ, ನೀನು ಬಿಳಿ ಕೋಟಿನಲ್ಲಿ ಹಾಗೇ ನಿಂತೆ.
ಹಿಂದೆ ಸಾಲು ಉಕ್ಕಿನ ಹಂಡೆಗಳು, ಮೈಗೆಲ್ಲ ಹಿಮದ ತೊಗಟೆ,
ಒಳಗೆ ಸೊನ್ನೆಗಿಂತ ನಾಲ್ಕು ಡಿಗ್ರಿ ಕೆಳಗೆ
ಹೋದ ಸುಗ್ಗಿಯ ವೈನು
ಹೆಪ್ಪುಗಟ್ಟದೆ, ನಿದ್ದೆಯೂ ಹೋಗದೆ.
ಇಪ್ಪತ್ತಾರು ವರ್ಷದಿಂದ ಈ ಪದವೇ ನಿನ್ನ ರೊಟ್ಟಿ.
ಚಳಿಯಲ್ಲಿ ಕೂರಿಸು, ಹರಳುಪುಡಿ ಉದುರಿಸು, ಕಲಕು, ಕಾಯಿ.
ಕರಗಿ ಕಾಣದಂತಿದ್ದ ಹುಳಿಯ ಒಂದು ಪಾಲು
ಗಾಜಿನ ಚೂರಾಗಿ ತಳಕ್ಕಿಳಿಯುತ್ತದೆ.
ಇಳಿಯಬೇಕಾದ್ದು ಇಳಿದ ಮೇಲಷ್ಟೇ
ರಿಜಿಸ್ಟರಿನಲ್ಲಿ ನಿನ್ನ ಗುಂಡು ಅಕ್ಷರ: ಸ್ಥಿರ.
ಇನ್ನು ಯಾರ ಫ್ರಿಜ್ಜಿನಲ್ಲಿಟ್ಟರೂ
ಅದು ಮಾತು ತಪ್ಪುವುದಿಲ್ಲ.

ಹಾಗಾದರೆ ಅಮ್ಮನಿಂದ ಇಳಿದದ್ದೇನು, ಎಂದೆ ನೀನು,
ನನಗಲ್ಲ, ಹಂಡೆಗೆ.
ಎಷ್ಟು ತಾಸಿನ ಪರೀಕ್ಷೆ? ಯಾವ ಉಷ್ಣದಲ್ಲಿ?
ಕಲಕಿದವರು ಯಾರು?

ಕಂಪ್ರೆಸರ್ ರಿಪೇರಿಗೆ ಬಂದವನು ನಾನು,
ಕೈಯಲ್ಲಿ ಸ್ಪ್ಯಾನರು, ಬಾಯಲ್ಲಿ ಏನೂ ಇಲ್ಲ.
ಅಂದು ಶನಿವಾರ.
ನಮ್ಮ ಪಂಚಾಂಗದಲ್ಲಿ ಅದಕ್ಕೆ ಸ್ಥಿರವಾರ ಎನ್ನುತ್ತಾರೆ.
ಹೇಳಲಿಲ್ಲ. ಹೇಳಿದ್ದರೆ ಏನು ಸಮಾಧಾನ,
ಶನಿ ಕುಂಟುತ್ತ ನಡೆಯುತ್ತಾನೆ ಎಂದೆ?

ನಿನ್ನ ಮನೆಯ ಮೂಲೆಯಲ್ಲಿ
ಸೋವಿಯತ್ ಕಾಲದ ಸ್ಟೆಬಿಲೈಸರ್,
ಅದರ ಮೇಲೆ ನತೇಲಾ ಹೆಣೆದ ಕ್ರೋಶಾ ಹೊದಿಕೆ.
ಟೀವಿ ಸತ್ತು ಎಷ್ಟೋ ವರ್ಷ, ಇದು ಮಾತ್ರ ಗೊಂಯ್ ಎನ್ನುತ್ತದೆ.
ಬೆಳಗಿನ ಬೆಲೆ ಸಂಜೆಗೆ ಇರದಿದ್ದ ಆ ಚಳಿಗಾಲಗಳಲ್ಲಿ
ಕರೆಂಟು ಬರುತ್ತಿದ್ದುದು ಒಂದು ತಾಸು,
ಅದೂ ನೂರನಲವತ್ತಕ್ಕೆ ಕುಸಿದು ಇನ್ನೂರೆಪ್ಪತ್ತಕ್ಕೆ ಎಗರಿ.
ಆಗ ನಿನ್ನಮ್ಮ ಇದರ ಮೇಲೆ ಅಂಗೈ ಇಡುತ್ತಿದ್ದಳಂತೆ,
ಜ್ವರದ ಮಗುವಿನ ಹಣೆಗೆ ಇಟ್ಟ ಹಾಗೆ.
ಈ ಊರಿನಲ್ಲಿ ನಂಬಬಹುದಾದ್ದು ಇದೊಂದೇ, ಎಂದಳಂತೆ.
ಬಿಸಿಗೋ, ನಂಬಿಕೆಗೋ,
ಹೊದಿಕೆ ನಡುವಿನಲ್ಲಿ ಹಳದಿಯಾಗಿದೆ.

ರಾತ್ರಿ ವೆಪ್ಖಿಯಾ ಬಂದ, ನಿನ್ನಕ್ಕನ ಮಗ,
ಮದುವೆಗಳ ವಿಡಿಯೋ ತೆಗೆಯುವವನು.
ಹೋದ ತಿಂಗಳು ಇವನೇ ಅಜ್ಜಿಯ ಕೋಳಿಯನ್ನೆತ್ತಿ
ಎಡಕ್ಕೆ ಬಲಕ್ಕೆ ಮೇಲಕ್ಕೆ ಆಡಿಸಿ ತೋರಿಸಿದ್ದ.
ಮೈಯೆಲ್ಲ ತೂಗಿದರೂ ತಲೆ ಮಾತ್ರ
ಗಾಳಿಗೆ ಮೊಳೆ ಹೊಡೆದಂತೆ ನಿಂತಲ್ಲೇ ನಿಂತಿತ್ತು.
"ಬೆಬಿಯಾ, ನನ್ನ ಗಿಂಬಲ್ ಅಂದರೆ ಇದೇ,
ಆದರೆ ಮೊಟ್ಟೆ ಇಡುವುದಿಲ್ಲ."
ನತೇಲಾ ಕೆಮ್ಮು ಬರುವಷ್ಟು ನಕ್ಕು,
ನನಗೂ ಕೊಡೋ ನೋಡೋಣ, ಎಂದು
ಚಮಚವೂ ನಿಲ್ಲದ ತನ್ನ ಬಲಗೈ ಚಾಚಿದ್ದಳು.

ಆ ವಿಡಿಯೋ ಈಗ ಮೇಜಿನ ಮೇಲೆ ಓಡುತ್ತಿದೆ.
ದ್ರಾಕ್ಷಿಯ ಚಪ್ಪರ. ಬಾವಿಕಟ್ಟೆ.
ಆಚೆ ಕಾಕಸಸ್ಸಿನ ಬಿಳಿ ಗೆರೆ.
ನೀರ ಮೇಲೆ ಎಣ್ಣೆ ಜಾರಿದಂತೆ ನೋಟ ಸಾಗುತ್ತದೆ,
ಎಲ್ಲೂ ಎಡವದೆ, ಒಂದಿಷ್ಟೂ ಅದುರದೆ.
ಎಷ್ಟು ಚೆನ್ನಾಗಿ ತೆಗೆದಿದ್ದಾಳೆ, ಎಂದ ಹುಡುಗ.

ನೀನು ಕನ್ನಡಕ ಒರೆಸಿಕೊಂಡೆ.
ಮತ್ತೆ ಮೊದಲಿಂದ ಹಾಕು, ಎಂದೆ.
ಮತ್ತೆ.
ಇದರಲ್ಲಿ ಅಮ್ಮ ಎಲ್ಲಿದ್ದಾಳೆ?
ಏಳು ವರ್ಷ ನಾನು ಗುಂಡಿ ಹಾಕಿದ ಆ ಕೈ,
ಹಾಲು ಚೆಲ್ಲಿ ಬೈಸಿಕೊಂಡ ಕೈ,
ಅದನ್ನೇ ಅಲ್ಲವೆ ನಿನ್ನ ಯಂತ್ರ ತೆಗೆದುಹಾಕಿದ್ದು?

ಅವನು ಉತ್ತರಿಸಲಿಲ್ಲ. ಪೆಟ್ಟಿಗೆ ಗೊಂಯ್ ಎನ್ನುತ್ತಿತ್ತು.
ನಾಲ್ಕನೆಯ ಸಲವೋ ಐದನೆಯ ಸಲವೋ,
ಚಿತ್ರ ಬಾವಿಕಟ್ಟೆಯಿಂದ ತಿರುಗುವಾಗ
ಅವಳ ಬೆನ್ನಿಗೆ ಬಿದ್ದಿತ್ತು ಇಳಿಹೊತ್ತಿನ ಬಿಸಿಲು.
ನೀನು ಬೆರಳಿಟ್ಟು ನಿಲ್ಲಿಸಿ, ಮತ್ತೆ ಬಿಟ್ಟೆ.

ಅಂಗಳದ ಮಣ್ಣಿನ ಮೇಲೆ ಉದ್ದಕ್ಕೆ ಒಂದು ನೆರಳು,
ತಲೆಗೆ ವಸ್ತ್ರ, ಮುಂದೆ ಚಾಚಿದ ತೋಳು.
ಆ ತೋಳು
ಚಪ್ಪರದ ಎಲೆಗಿಂತ ಬಿರುಸಾಗಿ ನಡುಗುತ್ತಿತ್ತು.